ಹೈಡ್ರೋಜನ್ ಕಾರು ಓಡಿದರೆ ಷೇರೂ ಓಡುತ್ತದೆಯೇ?

ಓದುಗರ ಪ್ರಶ್ನೆ: ಹಣ ಮತ್ತು ಹೂಡಿಕೆ

ಹೈಡ್ರೋಜನ್ ಇಂಧನ ಕೋಶದ ಕಾರುಗಳನ್ನು ನಂಬಿ ಷೇರು ಕೊಳ್ಳುವ ವಿಚಾರವಾಗಿ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಸಂಕ್ಷೇಪಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನೆಲೆಸಿದ್ದೇನೆ. ಅಮೆರಿಕದ ಹೈಡ್ರೋಜನ್ ಕಂಪನಿಗಳ ಷೇರುಗಳು 2021ರ ದರಕ್ಕೆ ಹೋಲಿಸಿದರೆ ಈಗ ಕವಡೆ ಕಾಸಿಗೆ ಸಿಗುತ್ತವೆ, ಬ್ಯಾಟರಿ ಕಾರುಗಳ ಕಾಲ ಮುಗಿದು ಹೈಡ್ರೋಜನ್ ಕಾಲ ಬಂದೇ ಬರುತ್ತದೆ, ಐದು ಲಕ್ಷ ರೂಪಾಯಿ ಹಾಕಿ ಹತ್ತು ವರ್ಷ ಮರೆತುಬಿಡೋಣ ಎಂದು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗ ಹೇಳುತ್ತಿದ್ದಾನೆ. ಟೊಯೋಟಾದಂಥ ಕಂಪನಿಯೇ ಇದರ ಹಿಂದೆ ನಿಂತಿರುವಾಗ ಹೆದರಬೇಕೇ? (ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಕೂಡಿಕೊಂಡಿವೆ. ಈ ತಂತ್ರಜ್ಞಾನ ನಿಜವೇ ಎಂಬುದು ಒಂದು, ಅದನ್ನು ನಂಬಿ ಷೇರು ಕೊಂಡವರಿಗೆ ಲಾಭವಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎಂಬ ಉತ್ತರ ಸಿಕ್ಕಿದ ಮೇಲೆ ಎರಡನೆಯದನ್ನು ಯಾರೂ ಬಿಡಿಸಿ ಕೇಳಲಿಲ್ಲ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಹೂಡಿಕೆದಾರರ ಹಣ ಎರಡು ಸಲ ಕರಗಿಹೋದದ್ದು ಹಾಗೆ.

ತಂತ್ರಜ್ಞಾನದ ಮಾತು ಬೇಗ ಮುಗಿಯುತ್ತದೆ. ಇಂಧನ ಕೋಶದಲ್ಲಿ ತೆಳುವಾದ ಪೊರೆಯೊಂದರ ಒಂದು ಬದಿಗೆ ಹೈಡ್ರೋಜನ್, ಮತ್ತೊಂದು ಬದಿಗೆ ಗಾಳಿ ಹಾಯಿಸಿದಾಗ, ಪ್ಲಾಟಿನಂ ಲೇಪದ ನೆರವಿನಿಂದ ಹೈಡ್ರೋಜನ್ ಮತ್ತು ಆಮ್ಲಜನಕ ಕೂಡಿ ನೀರಾಗುತ್ತವೆ, ಆ ಕೂಡಿಕೆಯಲ್ಲಿ ವಿದ್ಯುತ್ ಹುಟ್ಟಿ ಕಾರಿನ ಮೋಟಾರನ್ನು ತಿರುಗಿಸುತ್ತದೆ. ವಿಲಿಯಂ ಗ್ರೋವ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು 1839ರಲ್ಲೇ ಪ್ರಯೋಗದಿಂದ ತೋರಿಸಿದ್ದ. 1965ರಲ್ಲಿ ಅಮೆರಿಕದ ಜೆಮಿನಿ 5 ಅಂತರಿಕ್ಷ ನೌಕೆಗೆ ವಿದ್ಯುತ್ ಒದಗಿಸಿದ್ದು ಇಂಧನ ಕೋಶವೇ. ಮರುವರ್ಷವೇ ಜನರಲ್ ಮೋಟಾರ್ಸ್ ಅದನ್ನು ವ್ಯಾನಿಗೆ ಅಳವಡಿಸಿ ಓಡಿಸಿತು. 2014ರ ಕೊನೆಯಲ್ಲಿ ಟೊಯೋಟಾ ಮಾರಾಟಕ್ಕೆ ತಂದ ಮಿರಾಯ್ ಕಾರಿನ ಎರಡನೆಯ ಆವೃತ್ತಿ 5.6 ಕೆ.ಜಿ. ಹೈಡ್ರೋಜನ್ ತುಂಬಿಕೊಂಡು ಆರುನೂರು ಕಿಲೋಮೀಟರಿಗೂ ಹೆಚ್ಚು ಓಡಬಲ್ಲದು, ತುಂಬಿಸಲು ಐದಾರು ನಿಮಿಷ ಸಾಕು. ಆದ್ದರಿಂದ ನಿಮ್ಮ ಮಗ ಹೇಳುವ ಕಾರು ಕನಸಿನದೇನೂ ಅಲ್ಲ.

ಷೇರಿನ ಇತಿಹಾಸ ಬೇರೆಯೇ ಇದೆ. ಕೆನಡಾದ ಬ್ಯಾಲರ್ಡ್ ಕಂಪನಿ 1979ರಲ್ಲಿ ಹುಟ್ಟಿದ್ದು ಲಿಥಿಯಂ ಬ್ಯಾಟರಿಯ ಸಂಶೋಧನೆಗಾಗಿ. ನಂತರ ಅದು ಇಂಧನ ಕೋಶದ ಕಡೆಗೆ ತಿರುಗಿತು. (ಬ್ಯಾಟರಿಯಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಎಂದು ಅದರ ಹಳೆಯ ಷೇರುದಾರರು ಯೋಚಿಸಿರದೆ ಇರಲಾರರು.) 1997ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್, ಅದರ ಬೆನ್ನಿಗೇ ಅಮೆರಿಕದ ಫೋರ್ಡ್ ಈ ಕಂಪನಿಯಲ್ಲಿ ಹಣ ತೊಡಗಿಸಿದವು. 2004ರ ಹೊತ್ತಿಗೆ ಇಂಧನ ಕೋಶದ ಕಾರು ಮಾರುಕಟ್ಟೆಗೆ ಬರುತ್ತದೆಂದು ಡೈಮ್ಲರ್ ಘೋಷಿಸಿತು. ಇಷ್ಟು ದೊಡ್ಡವರು ಬೆನ್ನಿಗಿದ್ದಾರೆಂಬ ನಂಬಿಕೆಯಿಂದ 2000ದಲ್ಲಿ ಬ್ಯಾಲರ್ಡ್ ಷೇರಿನ ಬೆಲೆ ನೂರು ಡಾಲರ್ ದಾಟಿತು. ಹೇಳಿದ ವರ್ಷ ಬಂದು ಹೋಯಿತು, ಸಾಮಾನ್ಯರು ಕೊಳ್ಳಬಲ್ಲ ಕಾರು ಬರಲಿಲ್ಲ. 2008ರ ಕೊನೆಗೆ ಅದೇ ಷೇರು ಒಂದು ಡಾಲರಿನ ಆಸುಪಾಸಿನಲ್ಲಿತ್ತು. ಅಷ್ಟರಲ್ಲಿ ಕಂಪನಿ ತನ್ನ ಕಾರಿನ ವಿಭಾಗವನ್ನೇ ಡೈಮ್ಲರ್ ಮತ್ತು ಫೋರ್ಡ್‌ಗಳಿಗೆ ಬಿಟ್ಟುಕೊಟ್ಟಿತ್ತು. 2021ರ ಆರಂಭದಲ್ಲಿ ಹೊಸ ಉತ್ಸಾಹದಲ್ಲಿ ನಲವತ್ತು ಡಾಲರ್ ಮುಟ್ಟಿದ ಆ ಷೇರು, 2024ರಲ್ಲಿ ಎರಡು ಡಾಲರಿಗಿಂತ ಕೆಳಗೆ ಬಂತು. ಗಮನಿಸಬೇಕಾದದ್ದೆಂದರೆ, ಈ ಕಂಪನಿ ಮೋಸ ಮಾಡಿದ್ದಲ್ಲ, ಅದರ ಯಂತ್ರ ಕೆಟ್ಟದ್ದೂ ಅಲ್ಲ. ಅದು ತಯಾರಿಸಿದ ಇಂಧನ ಕೋಶಗಳು ಹಲವು ದೇಶಗಳ ಬಸ್ಸುಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ.

ಇಂಧನ ಕೋಶ ತಯಾರಿಸುವ ಅಮೆರಿಕದ ಪ್ಲಗ್ ಪವರ್ ಕಂಪನಿಯ ಕಥೆ ಇನ್ನೂ ಕಠಿಣವಾದದ್ದು. 1997ರಲ್ಲಿ ಆರಂಭವಾದ ಈ ಕಂಪನಿ ಇಲ್ಲಿಯವರೆಗೆ ಒಂದು ವರ್ಷವೂ ಲಾಭ ತೋರಿಸಿಲ್ಲ. 2011ರಲ್ಲಿ ಹತ್ತು ಷೇರುಗಳನ್ನು ಕೂಡಿಸಿ ಒಂದು ಮಾಡಿತು, ಅಂದರೆ ಬೆಲೆ ತೀರ ಕುಸಿದಾಗ ಕಾಗದದ ಮೇಲೆ ಅದನ್ನು ಎತ್ತರಿಸುವ ಕ್ರಮ ಕೈಗೊಂಡಿತು. 2021ರ ಜನವರಿಯಲ್ಲಿ ಷೇರು ಎಪ್ಪತ್ತೈದು ಡಾಲರ್ ತಲುಪಿತ್ತು. 2023ರ ನವೆಂಬರಿನಲ್ಲಿ, ಕೈಯಲ್ಲಿರುವ ಹಣದಲ್ಲಿ ವ್ಯವಹಾರ ಮುಂದುವರಿಸಲು ಸಾಧ್ಯವಾದೀತೇ ಎಂಬ ಅನುಮಾನವಿದೆಯೆಂದು ಕಂಪನಿಯೇ ತನ್ನ ವರದಿಯಲ್ಲಿ ಎಚ್ಚರಿಸಿತು. 2025ರ ಮೇ ತಿಂಗಳಲ್ಲಿ ಬೆಲೆ ಒಂದು ಡಾಲರಿಗಿಂತ ಕೆಳಗಿತ್ತು.

ಈ ನಡುವೆ ನಷ್ಟ ತುಂಬಿಸಲು ಕಂಪನಿ ಮತ್ತೆ ಮತ್ತೆ ಹೊಸ ಷೇರು ಮಾರಿತು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ನಾಳೆ ಕಂಪನಿ ಲಾಭಕ್ಕೆ ಬಂದರೂ ಆ ಲಾಭ ಹಂಚಿಹೋಗಬೇಕಾದ ಪಾಲುದಾರರ ಸಂಖ್ಯೆ ಹಲವು ಪಟ್ಟು ಬೆಳೆದಿರುತ್ತದೆ. ಹತ್ತು ವರ್ಷ ಮರೆತುಬಿಡುವುದೆಂಬ ಸಲಹೆ ಲಾಭ ಗಳಿಸುವ ಕಂಪನಿಗೆ ಹೊಂದುತ್ತದೆ. ವರ್ಷವರ್ಷವೂ ಹೊಸ ಷೇರು ಮಾರಿ ಬದುಕುವ ಕಂಪನಿಯಲ್ಲಿ, ನೀವು ಮರೆತಿರುವ ಅವಧಿಯಲ್ಲೇ ನಿಮ್ಮ ಪಾಲು ಸವೆಯುತ್ತಿರುತ್ತದೆ.

ಕವಡೆ ಕಾಸಿಗೆ ಸಿಗುತ್ತದೆ ಎಂಬ ವಾದಕ್ಕೂ ಇದೇ ಕಾರಣದಿಂದ ಬಲವಿಲ್ಲ. ನೂರಕ್ಕೆ ತೊಂಬತ್ತು ಕುಸಿದ ಷೇರು ಇನ್ನೊಂದು ಸಲ ನೂರಕ್ಕೆ ತೊಂಬತ್ತು ಕುಸಿಯಬಲ್ಲದು. ಲಕ್ಷ ರೂಪಾಯಿ ಮೊದಲು ಹತ್ತು ಸಾವಿರವಾಗಿ, ಆಮೇಲೆ ಸಾವಿರವಾಗುವುದು ಹೀಗೆ, ಮತ್ತು ಹತ್ತು ಸಾವಿರದ ಹಂತದಲ್ಲಿ ಕೊಂಡವನೂ ತಾನು ಅಗ್ಗಕ್ಕೆ ಕೊಂಡೆನೆಂದೇ ತಿಳಿದಿರುತ್ತಾನೆ.

ಇನ್ನು ಟೊಯೋಟಾದ ಮಾತು. 2015ರ ಜನವರಿಯಲ್ಲಿ ಅದು ಇಂಧನ ಕೋಶಕ್ಕೆ ಸಂಬಂಧಿಸಿದ ಸುಮಾರು 5,680 ಪೇಟೆಂಟ್‌ಗಳನ್ನು ಬೇರೆ ಕಂಪನಿಗಳು ಶುಲ್ಕವಿಲ್ಲದೆ ಬಳಸಬಹುದೆಂದು ಪ್ರಕಟಿಸಿತು. ಪತ್ರಿಕೆಗಳು ಇದನ್ನು ಔದಾರ್ಯವೆಂದು ಹೊಗಳಿದವು. ಹೂಡಿಕೆದಾರರು ಇದನ್ನು ಬೇರೆ ರೀತಿಯಲ್ಲಿ ಓದಬೇಕಿತ್ತು. ಪಂಪುಗಳಿಲ್ಲದೆ ಕಾರು ಮಾರಾಟವಾಗದು, ಕಾರುಗಳಿಲ್ಲದೆ ಪಂಪು ಹಾಕಲು ಯಾರೂ ಮುಂದೆ ಬರರು. ಇದನ್ನು ಒಬ್ಬರೇ ಬಿಡಿಸಲಾಗದು ಎಂದು ತಿಳಿದ ಕಂಪನಿ ಸಂಗಾತಿಗಳನ್ನು ಕರೆಯುತ್ತಿತ್ತು. ಆ ಕರೆಗೆ ಹೆಚ್ಚಿನವರು ಓಗೊಡಲಿಲ್ಲ. ವರ್ಷಕ್ಕೆ ಒಂದು ಕೋಟಿಯಷ್ಟು ವಾಹನ ಮಾರುವ ಟೊಯೋಟಾ ಮೊದಲ ಹತ್ತು ವರ್ಷಗಳಲ್ಲಿ ಮಾರಿದ ಮಿರಾಯ್ ಕಾರುಗಳು ಮೂವತ್ತು ಸಾವಿರದ ಆಸುಪಾಸಿನಲ್ಲಿವೆ. ಅಮೆರಿಕದಲ್ಲಿ ಈ ಕಾರುಗಳಿಗೆ ನೆಲೆಯಾಗಿದ್ದ ಕ್ಯಾಲಿಫೋರ್ನಿಯಾದಲ್ಲಿ, ಶೆಲ್ ಕಂಪನಿ ಕಾರುಗಳಿಗೆ ಹೈಡ್ರೋಜನ್ ತುಂಬುವ ತನ್ನ ಎಲ್ಲ ಪಂಪುಗಳನ್ನು 2024ರ ಫೆಬ್ರವರಿಯಲ್ಲಿ ಮುಚ್ಚಿತು. ಅಲ್ಲಿ ಒಂದು ಕೆ.ಜಿ. ಹೈಡ್ರೋಜನ್ ದರ ಮೂವತ್ತಾರು ಡಾಲರ್‌ವರೆಗೆ ಏರಿತು. ಹೋಂಡಾ ತನ್ನ ಹೈಡ್ರೋಜನ್ ಕಾರಾದ ಕ್ಲಾರಿಟಿಯನ್ನು 2021ರಲ್ಲೇ ನಿಲ್ಲಿಸಿತ್ತು. ಟೊಯೋಟಾಕ್ಕೆ ಇದು ನೂರಾರು ಪ್ರಯೋಗಗಳಲ್ಲಿ ಒಂದು, ನಷ್ಟವಾದರೆ ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಇದೊಂದನ್ನೇ ನಂಬಿದ ಸಣ್ಣ ಕಂಪನಿಯ ಷೇರು ಕೊಂಡವರಿಗೆ ಆ ಶಕ್ತಿ ಇರುವುದಿಲ್ಲ.

ಬ್ಯಾಟರಿಯ ಕಾಲ ಮುಗಿಯಿತೆಂಬ ಮಾತಿಗೆ ಆಧಾರ ನಮಗೆ ಕಾಣಲಿಲ್ಲ. 2010ರ ಸುಮಾರಿಗೆ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2024ರಲ್ಲಿ ಜಗತ್ತಿನ ಸರಾಸರಿ ಸುಮಾರು 115 ಡಾಲರಿಗೆ ಇಳಿದಿತ್ತು. ಹೈಡ್ರೋಜನ್ ಕಾರಿನ ಪಾಲಿಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಇಂಧನ ಕೋಶವೂ ಈ ಅವಧಿಯಲ್ಲಿ ಸುಧಾರಿಸಿದೆ, ಆದರೆ ಅದು ಗುರಿ ಮುಟ್ಟುವಷ್ಟರಲ್ಲಿ ಗುರಿಯೇ ಮುಂದೆ ಸರಿದಿತ್ತು.

ಹೈಡ್ರೋಜನ್ ಲಾರಿ ಮಾಡುತ್ತೇವೆಂದು ಹೊರಟ ಅಮೆರಿಕದ ನಿಕೋಲಾ ಕಂಪನಿಯ ಹೆಸರನ್ನೂ ನೀವು ಬರೆದಿದ್ದೀರಿ. ಅದು ವಂಚನೆಯ ಪ್ರಕರಣ. 2020ರ ಜೂನ್‌ನಲ್ಲಿ ಒಂದೂ ಲಾರಿ ಮಾರದಿದ್ದಾಗಲೇ ಅದರ ಮಾರುಕಟ್ಟೆ ಮೌಲ್ಯ ಒಂದು ಹಂತದಲ್ಲಿ ಫೋರ್ಡ್ ಕಂಪನಿಯನ್ನು ಮೀರಿತ್ತು. ರಸ್ತೆಯ ಮೇಲೆ ಓಡುತ್ತಿದೆಯೆಂದು ವಿಡಿಯೋದಲ್ಲಿ ತೋರಿಸಿದ್ದ ಲಾರಿ ಇಳಿಜಾರಿನಲ್ಲಿ ತಾನಾಗಿ ಉರುಳುತ್ತಿತ್ತೆಂಬುದು ನಂತರ ಬಯಲಾಯಿತು. ಸ್ಥಾಪಕ ಟ್ರೆವರ್ ಮಿಲ್ಟನ್‌ನನ್ನು 2022ರಲ್ಲಿ ನ್ಯಾಯಾಲಯ ತಪ್ಪಿತಸ್ಥನೆಂದಿತು (2025ರಲ್ಲಿ ಅಧ್ಯಕ್ಷರ ಕ್ಷಮಾದಾನ ಸಿಕ್ಕಿತು), ಕಂಪನಿ 2025ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಆದರೆ ಈ ಪ್ರಕರಣವನ್ನೇ ಮುಂದಿಟ್ಟುಕೊಂಡು ಉಳಿದವರೆಲ್ಲ ಪ್ರಾಮಾಣಿಕರು, ಆದ್ದರಿಂದ ಅಪಾಯವಿಲ್ಲ ಎಂದು ತರ್ಕಿಸಬಾರದು. ಪ್ರಾಮಾಣಿಕ ಕಂಪನಿಗಳಲ್ಲಿ ಕಳೆದುಹೋದ ಹಣವೂ ದೊಡ್ಡದೇ.

ನಮ್ಮ ಸಲಹೆ ನೇರವಾಗಿದೆ. ನಿವೃತ್ತಿಯ ಗಂಟಿನಿಂದ ಈ ಐದು ಲಕ್ಷವನ್ನು ತೆಗೆಯಬೇಡಿ. ಮಗನಿಗೆ ಅಷ್ಟು ನಂಬಿಕೆಯಿದ್ದರೆ, ಪೂರ್ತಿ ಹೋದರೂ ಸಂಸಾರಕ್ಕೆ ತೊಂದರೆಯಾಗದಷ್ಟು ಮೊತ್ತವನ್ನು ತನ್ನ ಸಂಬಳದಿಂದ ಹಾಕಿಕೊಳ್ಳಲಿ. ವಿದೇಶಿ ಷೇರಿಗೆ ಹಣ ಕಳಿಸುವಾಗ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿಯಿದೆ. ನಿಮ್ಮ ಮೊತ್ತಕ್ಕೆ ಆ ಮಿತಿ ಅಡ್ಡ ಬರುವುದಿಲ್ಲ, ಆದರೆ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ವಿವರವನ್ನು ಪ್ರತಿವರ್ಷ ತೋರಿಸಬೇಕಾಗುತ್ತದೆ. ಷೇರು ನಷ್ಟದಲ್ಲಿದ್ದರೂ ತೋರಿಸಲೇಬೇಕು. ಇದನ್ನು ಮರೆತು ನೋಟಿಸ್ ಪಡೆಯುವವರಿದ್ದಾರೆ.

ಪ್ರಶ್ನೆ: ನಮ್ಮ ಹೊಲದಿಂದ ನೋಡಿದರೆ ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ. ಈ ಗಾಳಿ ವಿದ್ಯುತ್ತಿನಿಂದ ಇಲ್ಲಿಯೇ ಹೈಡ್ರೋಜನ್ ತಯಾರಿಸಿ ಕಾರುಗಳಿಗೆ ಕೊಟ್ಟರೆ ಪೆಟ್ರೋಲಿನ ಗೊಡವೆಯೇ ಇರುವುದಿಲ್ಲ, ಅಂಥ ಘಟಕಕ್ಕೆ ಮೊದಲೇ ಹಣ ಹಾಕಿದವರು ಗೆಲ್ಲುತ್ತಾರೆ ಎಂದು ನಮ್ಮೂರಿನ ಯುವಕರು ಹೇಳುತ್ತಾರೆ. ಇದು ಆಗುವ ಮಾತೇ? (ರೈತ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ)

ಉತ್ತರ: ತಯಾರಿಸಲು ಸಾಧ್ಯವಿದೆ. ಆದರೆ ಅದನ್ನು ಕಾರಿಗೆ ಕೊಡುವುದು ಲಾಭದ ದಾರಿಯೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು, ಮತ್ತು ಈ ಲೆಕ್ಕವನ್ನು ಯಾವ ಕಂಪನಿಯ ಜಾಹೀರಾತೂ ನಿಮಗೆ ಮಾಡಿ ತೋರಿಸುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆ.ಜಿ. ಹೈಡ್ರೋಜನ್ ಪಡೆಯಲು ಇಂದಿನ ಯಂತ್ರಗಳಿಗೆ ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಕಾರಿನ ಟ್ಯಾಂಕಿಗೆ ಅದನ್ನು ವಾತಾವರಣದ ಏಳುನೂರು ಪಟ್ಟು ಒತ್ತಡದಲ್ಲಿ ತುಂಬಬೇಕು; ಆ ಒತ್ತುವಿಕೆಗೆ ಮತ್ತು ತುಂಬುವ ಮೊದಲು ತಣಿಸುವುದಕ್ಕೆ ಇನ್ನೂ ಕೆಲವು ಯೂನಿಟ್ ಖರ್ಚಾಗುತ್ತದೆ. ಒಟ್ಟು ಅರವತ್ತು ಯೂನಿಟ್ ಎಂದು ಹಿಡಿಯೋಣ. ಆ ಒಂದು ಕೆ.ಜಿ. ಹೈಡ್ರೋಜನ್‌ನಲ್ಲಿ ಬಳಸಬಹುದಾದ ಶಕ್ತಿ ಸುಮಾರು 33 ಯೂನಿಟ್, ಇಂಧನ ಕೋಶ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ವಿದ್ಯುತ್ತಾಗಿ ಹಿಂದಿರುಗಿಸುತ್ತದೆ. ಅರವತ್ತು ಕೊಟ್ಟು ಹದಿನೇಳು-ಹದಿನೆಂಟು ಪಡೆದಂತಾಯಿತು. ಅಷ್ಟರಲ್ಲಿ ಕಾರು ನೂರು ಕಿಲೋಮೀಟರಿನಷ್ಟು ಓಡುತ್ತದೆ. ಅದೇ ಅರವತ್ತು ಯೂನಿಟ್ಟನ್ನು ತಂತಿಯ ಮೂಲಕ ತಂದು ಬ್ಯಾಟರಿ ಕಾರಿಗೆ ತುಂಬಿದರೆ, ದಾರಿಯ ನಷ್ಟ ಕಳೆದೂ, ಮುನ್ನೂರು ಕಿಲೋಮೀಟರ್ ಓಡುತ್ತದೆ.

ನಿಮ್ಮ ಗುಡ್ಡಕ್ಕೆ ಅನ್ವಯಿಸೋಣ. ಎರಡು ಮೆಗಾವ್ಯಾಟ್ ಶಕ್ತಿಯ ಒಂದು ಗಾಳಿಯಂತ್ರ ವರ್ಷದ ಸರಾಸರಿಯಲ್ಲಿ ತನ್ನ ಶಕ್ತಿಯ ಕಾಲುಭಾಗ ದುಡಿಯುತ್ತದೆಂದು ಇಟ್ಟುಕೊಂಡರೆ ದಿನಕ್ಕೆ ಹನ್ನೆರಡು ಸಾವಿರ ಯೂನಿಟ್ ಸಿಗುತ್ತದೆ. ಅದನ್ನು ಹೈಡ್ರೋಜನ್ ಮಾಡಿದರೆ ಇನ್ನೂರು ಕೆ.ಜಿ., ಅಂದರೆ ಕಾರುಗಳ ಒಟ್ಟು ಓಟ ಇಪ್ಪತ್ತು ಸಾವಿರ ಕಿಲೋಮೀಟರ್. ಬ್ಯಾಟರಿಗೆ ಕೊಟ್ಟರೆ ಅರವತ್ತು ಸಾವಿರ. ಒಂದೇ ಗಾಳಿಯಿಂದ ಮೂರು ಪಟ್ಟು ದೂರ ಹೋಗುವ ದಾರಿ ಪಕ್ಕದಲ್ಲೇ ಇರುವಾಗ, ಹೈಡ್ರೋಜನ್ ಕಾರಿನ ಮಾಲೀಕ ಮೂರು ಪಟ್ಟು ವಿದ್ಯುತ್ತಿನ ಬೆಲೆ ಕೊಡಲು ಸಿದ್ಧನಿರಬೇಕು, ಅಥವಾ ಯಾರಾದರೂ ಅದನ್ನು ಸಹಾಯಧನವಾಗಿ ತುಂಬಿಕೊಡಬೇಕು. ಈ ಅನುಪಾತ ಯಂತ್ರಗಳ ಸುಧಾರಣೆಯಿಂದ ಸ್ವಲ್ಪ ಬದಲಾಗಬಹುದೇ ಹೊರತು ತಿರುಗಿ ನಿಲ್ಲಲಾರದು, ಏಕೆಂದರೆ ವಿದ್ಯುತ್ತನ್ನು ಅನಿಲ ಮಾಡಿ ಮತ್ತೆ ವಿದ್ಯುತ್ ಮಾಡುವ ಎರಡೂ ಹಂತಗಳಲ್ಲಿ ಶಕ್ತಿ ಶಾಖವಾಗಿ ಹೋಗಿಯೇ ತೀರುತ್ತದೆ.

ಇನ್ನೊಂದು ತೊಡಕು ಋತುವಿನದು. ನಮ್ಮ ಭಾಗದಲ್ಲಿ ಗಾಳಿ ಜೋರಾಗಿ ಬೀಸುವುದು ಮುಖ್ಯವಾಗಿ ಮುಂಗಾರಿನ ತಿಂಗಳುಗಳಲ್ಲಿ. ನೀರೊಡೆಯುವ ದುಬಾರಿ ಯಂತ್ರವನ್ನು ಗಾಳಿಯನ್ನೇ ನೆಚ್ಚಿ ನಡೆಸಿದರೆ ಉಳಿದ ತಿಂಗಳುಗಳ ಬಹುಪಾಲು ಅದು ಅರ್ಧ ಹೊಟ್ಟೆಯಲ್ಲಿರುತ್ತದೆ, ಬಂಡವಾಳದ ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ಏರುತ್ತದೆ. ಹಗಲಿನ ಸೌರ ವಿದ್ಯುತ್ತನ್ನು ಜೊತೆಗೂಡಿಸುವುದು ಇದಕ್ಕೆ ಪರಿಹಾರ, ದೊಡ್ಡ ಘಟಕಗಳು ಯೋಚಿಸುತ್ತಿರುವುದೂ ಹಾಗೆಯೇ. ಸಾಗಾಟವೂ ಸುಲಭವಲ್ಲ: ಉಕ್ಕಿನ ಉದ್ದನೆಯ ಸಿಲಿಂಡರುಗಳ ಟ್ರೇಲರ್ ಒಂದು ಸಲಕ್ಕೆ ಒಯ್ಯುವುದು ಸುಮಾರು ಮುನ್ನೂರು ಕೆ.ಜಿ. ಹೈಡ್ರೋಜನ್ ಮಾತ್ರ, ಅದು ಐವತ್ತು-ಅರವತ್ತು ಕಾರುಗಳಿಗೆ ಸಾಲುತ್ತದೆ; ಇಪ್ಪತ್ತು ಸಾವಿರ ಲೀಟರಿನ ಪೆಟ್ರೋಲ್ ಟ್ಯಾಂಕರ್ ಐನೂರು ಕಾರುಗಳನ್ನು ತುಂಬಿಸುತ್ತದೆ. ನೀರಿನ ಬಗ್ಗೆ ನಿಮ್ಮ ಪತ್ರದಲ್ಲಿರುವ ಆತಂಕ ಮಾತ್ರ ಅಷ್ಟು ದೊಡ್ಡದಲ್ಲ. ಒಂದು ಕೆ.ಜಿ. ಹೈಡ್ರೋಜನ್‌ಗೆ ಒಡೆಯುವ ನೀರು ಒಂಬತ್ತು ಲೀಟರ್, ಶುದ್ಧೀಕರಣ ಮತ್ತು ತಂಪುಗೊಳಿಸುವಿಕೆ ಸೇರಿದರೆ ಅದರ ಕೆಲವು ಪಟ್ಟು. ಒಂದು ಗಾಳಿಯಂತ್ರದ ಮಟ್ಟಿಗೆ ದಿನಕ್ಕೆ ಕೆಲವು ಸಾವಿರ ಲೀಟರ್; ಸಿಂಗಟಾಲೂರು ಏತ ನೀರಾವರಿಯ ಪಕ್ಕದಲ್ಲಿರುವ ನಿಮಗೆ ಇದು ಎಷ್ಟೆಂದು ಗೊತ್ತು.

ಹಾಗಾದರೆ ಹಸಿರು ಹೈಡ್ರೋಜನ್, ಅಂದರೆ ಗಾಳಿ-ಬಿಸಿಲಿನ ವಿದ್ಯುತ್ತಿನಿಂದ ನೀರೊಡೆದು ತೆಗೆದದ್ದು, ಬೇಡವೇ? ಬೇಕು, ಆದರೆ ಅದಕ್ಕೆ ಕಾರಿಗಿಂತ ಮೊದಲು ಬೇರೆ ಗಿರಾಕಿಗಳಿದ್ದಾರೆ. ಜಗತ್ತಿನಲ್ಲಿ ಇಂದು ತಯಾರಾಗುವ ಹೈಡ್ರೋಜನ್‌ನ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಅನಿಲದಿಂದ ತೆಗೆದ ಪ್ರತಿ ಕೆ.ಜಿ.ಗೆ ಒಂಬತ್ತು-ಹತ್ತು ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಮತ್ತು ಅದು ಹೋಗುವುದು ನೀವು ಹೊಲಕ್ಕೆ ಹಾಕುವ ಯೂರಿಯಾದ ಕಾರ್ಖಾನೆಗಳಿಗೆ ಹಾಗೂ ಮಂಗಳೂರಿನಲ್ಲಿರುವಂಥ ತೈಲ ಶುದ್ಧೀಕರಣ ಘಟಕಗಳಿಗೆ. ಅಲ್ಲಿ ಬ್ಯಾಟರಿಯ ಪೈಪೋಟಿ ಇಲ್ಲ, ಹೈಡ್ರೋಜನ್ ಬೇಕೇ ಬೇಕು. ಗದಗಿನ ಗಾಳಿಯಿಂದ ಎಂದಾದರೂ ಹೈಡ್ರೋಜನ್ ತಯಾರಾದರೆ ಅಂಥ ಕಡೆಗೆ ಹೋಗುವುದು ಅರ್ಥಪೂರ್ಣ. ಕಾರಿನ ಹೆಸರು ಹೇಳಿ ಹಣ ಕೇಳುವವರಿಗೆ ಈ ಮುಂಡರಗಿಯ ಲೆಕ್ಕ ತೋರಿಸಿ, ಉತ್ತರ ಬರೆದುಕೊಡಲು ಹೇಳಿ.

ಪ್ರಶ್ನೆ: ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್‌ಗೆ ಹತ್ತೊಂಬತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಇಟ್ಟಿದೆ. ಸಚಿವರೇ ಹೈಡ್ರೋಜನ್ ಕಾರಿನಲ್ಲಿ ಸಂಸತ್ತಿಗೆ ಹೋಗಿದ್ದರು. ಇಷ್ಟಾದ ಮೇಲೆ ನಮ್ಮ ದೇಶದ ಕಂಪನಿಗಳ ಷೇರು ಕೊಂಡರೆ ತಪ್ಪೇನು? (ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ)

ಉತ್ತರ: ಸಚಿವ ನಿತಿನ್ ಗಡ್ಕರಿಯವರು 2022ರ ಮಾರ್ಚ್ ಕೊನೆಯಲ್ಲಿ ಮಿರಾಯ್ ಕಾರಿನಲ್ಲಿ ಸಂಸತ್ತಿಗೆ ಬಂದದ್ದು ನಿಜ, ಅದು ಭಾರತದ ರಸ್ತೆಗಳಲ್ಲಿ ಪರೀಕ್ಷೆಗಾಗಿ ತಂದ ವಾಹನವಾಗಿತ್ತು. 2023ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಮೊತ್ತ 19,744 ಕೋಟಿ ರೂಪಾಯಿ ಎಂಬುದೂ ನಿಜ. ಆದರೆ ಆ ಮೊತ್ತದ ಒಳಗೆ ಇಳಿದು ನೋಡಿದವರು ಕಡಿಮೆ. ಅದರಲ್ಲಿ 17,490 ಕೋಟಿ ಹೈಡ್ರೋಜನ್ ಉತ್ಪಾದನೆಗೆ ಮತ್ತು ನೀರೊಡೆಯುವ ಯಂತ್ರಗಳ ತಯಾರಿಕೆಗೆ ಮೀಸಲು. ಸಾರಿಗೆಯ ಪ್ರಾಯೋಗಿಕ ಯೋಜನೆಗಳಿಗೆ ಇಟ್ಟದ್ದು 496 ಕೋಟಿ, ಅಂದರೆ ಒಟ್ಟು ಮೊತ್ತದ ನೂರಕ್ಕೆ ಎರಡೂವರೆ. 2025ರ ಮಾರ್ಚ್‌ನಲ್ಲಿ ಮಂಜೂರಾದ ಐದು ಯೋಜನೆಗಳಲ್ಲಿ ಇರುವುದು 37 ವಾಹನಗಳು, ಒಂಬತ್ತು ಪಂಪುಗಳು. ಆ ವಾಹನಗಳೆಲ್ಲ ಬಸ್ಸು ಮತ್ತು ಲಾರಿಗಳು, ಅವುಗಳಲ್ಲೂ ಇಂಧನ ಕೋಶದವು ಹದಿನೈದು ಮಾತ್ರ. ಉಳಿದ ಇಪ್ಪತ್ತೆರಡು ಹೈಡ್ರೋಜನ್ನನ್ನು ಮಾಮೂಲಿ ಎಂಜಿನ್ನಿನಲ್ಲೇ ಉರಿಸುವಂಥವು. ಸರ್ಕಾರ ಎತ್ತ ನೋಡುತ್ತಿದೆಯೆಂದು ಈ ಅಂಕಿಗಳೇ ತೋರಿಸುತ್ತವೆ, ಅದು ಕಾರಿನ ಕಡೆಗಲ್ಲ.

ಷೇರುಪೇಟೆಯಲ್ಲಿ ಹೈಡ್ರೋಜನ್ ಷೇರುಗಳೆಂದು ಕರೆಸಿಕೊಳ್ಳುವ ರಿಲಯನ್ಸ್, ಇಂಡಿಯನ್ ಆಯಿಲ್, ಎನ್‌ಟಿಪಿಸಿ, ಎಲ್ ಅಂಡ್ ಟಿ ಮೊದಲಾದ ಕಂಪನಿಗಳ ಲಾಭನಷ್ಟವನ್ನು ಇಂದು ನಿರ್ಧರಿಸುವುದು ತೈಲ, ಮೊಬೈಲ್ ಸೇವೆ, ಕಲ್ಲಿದ್ದಲಿನ ವಿದ್ಯುತ್ತು ಮತ್ತು ಕಾಮಗಾರಿಗಳ ಗುತ್ತಿಗೆ. ಆ ವ್ಯವಹಾರಗಳು ನಿಮಗೆ ಒಪ್ಪಿಗೆಯಾದರೆ ಆ ಕಾರಣಕ್ಕೆ ಕೊಳ್ಳಿ. ಹೈಡ್ರೋಜನ್ ಅವುಗಳಲ್ಲಿ ಸಣ್ಣ ಭಾಗ; ಅದು ಗೆದ್ದರೂ ಷೇರಿನ ಬೆಲೆ ಅದರಿಂದಲೇ ಹಾರುವುದಿಲ್ಲ, ಸೋತರೂ ಮುಳುಗುವುದಿಲ್ಲ. ಇದಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದದ್ದು, ಹೈಡ್ರೋಜನ್ ಕ್ಷೇತ್ರಕ್ಕೆ ಕಾಲಿಡುತ್ತೇವೆಂಬ ಒಂದು ಸಾಲಿನ ಪ್ರಕಟಣೆಯಿಂದಲೇ ಬೆಲೆ ಏರಿಸಿಕೊಳ್ಳುವ ಸಣ್ಣ ಕಂಪನಿಗಳ ವಿಷಯದಲ್ಲಿ.

ಬ್ಯಾಡಗಿಯವರಾದ ನಿಮಗೆ ಒಂದು ಮಾತು ಸಾಕು. ಡಬ್ಬಿ ಮೆಣಸಿನಕಾಯಿಯ ಬಣ್ಣದ ಬಗ್ಗೆ ಯಾರಿಗೂ ಸಂಶಯವಿಲ್ಲ. ಆದರೂ ಧಾರಣಿ ನೆತ್ತಿಗೇರಿದ ದಿನ ಕೊಂಡು ಶೀತಗೃಹದಲ್ಲಿ ಇಟ್ಟವರು ಮುಂದಿನ ವರ್ಷ ಬಾಡಿಗೆಯೂ ಹುಟ್ಟದೆ ಮಾರಿದ್ದನ್ನು ನೀವು ಕಂಡಿದ್ದೀರಿ. ಅಲ್ಲಿ ಮಾಲು ಕೆಟ್ಟಿರಲಿಲ್ಲ, ಕೊಂಡ ದರ ಕೆಟ್ಟಿತ್ತು. 2021ರಲ್ಲಿ ಹೈಡ್ರೋಜನ್ ಷೇರು ಕೊಂಡವರದ್ದೂ ಅದೇ ಲೆಕ್ಕ.

ಪ್ರಶ್ನೆ: ರಾಣೇಬೆನ್ನೂರಿನಲ್ಲಿ ಹೈಡ್ರೋಜನ್ ಪಂಪಿನ ಏಜೆನ್ಸಿ ಕೊಡಿಸುತ್ತೇವೆ, ಎರಡು ಲಕ್ಷ ಮುಂಗಡ ಕಟ್ಟಿದರೆ ತಿಂಗಳಿಗೆ ನೂರಕ್ಕೆ ಮೂರರಂತೆ ಲಾಭ ಖಚಿತ ಎಂದು ವಾಟ್ಸ್ಆ್ಯಪ್ ಗುಂಪೊಂದರಲ್ಲಿ ಬರುತ್ತಿದೆ. ನೀರಿನಿಂದಲೇ ಕಾರು ಓಡಿಸುವ ಕಿಟ್ ಕೂಡ ಇದೆಯಂತೆ. ನಂಬಬಹುದೇ? (ಕಿರಾಣಿ ಅಂಗಡಿ ಮಾಲೀಕ, ಹಾವೇರಿ ಜಿಲ್ಲೆ)

ಉತ್ತರ: ನಂಬಬೇಡಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ನೀರು ಇಂಧನವಲ್ಲ; ಹೈಡ್ರೋಜನ್ ಉರಿದು ಮುಗಿದ ಮೇಲೆ ಉಳಿಯುವ ವಸ್ತು ಅದು. ಅದನ್ನು ಮತ್ತೆ ಒಡೆಯಲು ಬೇಕಾಗುವ ಶಕ್ತಿ, ಒಡೆದು ಪಡೆಯುವ ಶಕ್ತಿಗಿಂತ ಯಾವಾಗಲೂ ಹೆಚ್ಚು. ನೀರಿನ ಕಾರು ಮಾಡಿದ್ದೇನೆಂದು ಅಮೆರಿಕದಲ್ಲಿ ಹೂಡಿಕೆದಾರರಿಂದ ಹಣ ಪಡೆದ ಸ್ಟ್ಯಾನ್ಲಿ ಮೇಯರ್ ವಂಚಕನೆಂದು 1996ರಲ್ಲಿ ಒಹಾಯೊ ರಾಜ್ಯದ ನ್ಯಾಯಾಲಯ ತೀರ್ಪಿತ್ತು, ಹಣ ಹಿಂದಿರುಗಿಸಲು ಹೇಳಿತು. ಖಚಿತ ಲಾಭದ ಭರವಸೆ ಕೊಟ್ಟು ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಸಂಗ್ರಹಿಸುವುದು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಡಿ ಅಪರಾಧ. ಹೂಡಿಕೆ ಸಲಹೆ ನೀಡುವವರು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾಗಿರಬೇಕು, ಆ ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ನೀವೇ ಹುಡುಕಿ ನೋಡಬಹುದು. ಈಗಾಗಲೇ ಯಾರಾದರೂ ಹಣ ಕಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕೂಡಲೇ ಕರೆ ಮಾಡಿ ದೂರು ಕೊಡಲಿ. ಗಂಟೆಗಳು ಕಳೆದಂತೆ ಹಣ ತಡೆಹಿಡಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಪ್ರಶ್ನೆ: ಹೈಡ್ರೋಜನ್ ಟ್ಯಾಂಕ್ ಸಿಡಿಯುವ ಭಯದಿಂದಲೇ ಜನ ಈ ಕಾರು ಕೊಳ್ಳುತ್ತಿಲ್ಲವೇ? (ಗೃಹಿಣಿ, ಸಪ್ತಾಪುರ, ಧಾರವಾಡ)

ಉತ್ತರ: ಭಯ ಮುಖ್ಯ ಕಾರಣವಲ್ಲ. ಕಾರಿನ ಟ್ಯಾಂಕುಗಳನ್ನು ಕಾರ್ಬನ್ ನಾರಿನಿಂದ ಸುತ್ತಿ ಕಠಿಣ ಪರೀಕ್ಷೆಗಳಿಗೆ ಒಡ್ಡಲಾಗುತ್ತದೆ, ಸೋರಿದ ಹೈಡ್ರೋಜನ್ ಬಯಲಿನಲ್ಲಿ ಬೇಗ ಮೇಲಕ್ಕೇರಿ ಚದುರುತ್ತದೆ. ದೊಡ್ಡ ಅವಘಡ ಆಗಿರುವುದು ಪಂಪಿನಲ್ಲಿ: 2019ರ ಜೂನ್‌ನಲ್ಲಿ ನಾರ್ವೆಯ ಸಾಂಡ್‌ವಿಕಾ ಎಂಬಲ್ಲಿ ಪಂಪೊಂದು ಸ್ಫೋಟಿಸಿದಾಗ, ಟೊಯೋಟಾ ಮತ್ತು ಹ್ಯುಂಡೈ ಆ ದೇಶದಲ್ಲಿ ಈ ಕಾರುಗಳ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಪಂಪುಗಳು ಬೆರಳೆಣಿಕೆಯಷ್ಟಿರುವ ಕಡೆ ಒಂದು ಮುಚ್ಚಿದರೂ ಕಾರುಗಳು ಮನೆಯಲ್ಲೇ ನಿಲ್ಲುತ್ತವೆ. ಹೂಡಿಕೆದಾರರು ಇದನ್ನು ಗಣನೆಗೆ ತೆಗೆದುಕೊಂಡದ್ದು ಕಡಿಮೆ.

ಪ್ರಶ್ನೆ: ಧಾರವಾಡದಲ್ಲಿ ಬಸ್ಸಿನ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಮ್ಮದು. ಕಾರು ಬಿಡಿ, ಬಸ್ಸು-ಲಾರಿಗಳಲ್ಲಿ ಹೈಡ್ರೋಜನ್ ಗೆಲ್ಲುತ್ತದೆ ಎನ್ನುತ್ತಾರೆ. ನಮ್ಮ ಚಿಗರಿ ಬಸ್ಸುಗಳಿಗೆ ಬರುವುದೇ? ಈ ಕ್ಷೇತ್ರದ ಕಂಪನಿಯ ವರದಿಯನ್ನು ಓದುವಾಗ ಏನನ್ನು ನೋಡಬೇಕು? (ಸಣ್ಣ ಉದ್ಯಮಿ, ಧಾರವಾಡ)

ಉತ್ತರ: ಬಸ್ಸು-ಲಾರಿಗಳ ವಾದಕ್ಕೆ ಕಾರಿನ ವಾದಕ್ಕಿಂತ ಹೆಚ್ಚು ತೂಕವಿದೆ. ಡಿಪೋಕ್ಕೆ ಮರಳುವ ವಾಹನಗಳಿಗೆ ಊರ ತುಂಬ ಪಂಪುಗಳು ಬೇಡ, ಒಂದೇ ಸಾಕು. ಭಾರ ಹೊತ್ತು ದಿನವಿಡೀ ದೂರ ಓಡುವ ಲಾರಿಗೆ ದೊಡ್ಡ ಬ್ಯಾಟರಿಯ ತೂಕ ಮತ್ತು ಚಾರ್ಜಿಂಗ್ ಸಮಯ ಎರಡೂ ಹೊರೆ. ಟಾಟಾ ಮೋಟಾರ್ಸ್ ತಯಾರಿಸಿದ ಇಂಧನ ಕೋಶದ ಬಸ್ಸುಗಳನ್ನು 2023ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ದೆಹಲಿ ಭಾಗದಲ್ಲಿ ಪರೀಕ್ಷಿಸಲು ಆರಂಭಿಸಿತು, ಹೈಡ್ರೋಜನ್ ಲಾರಿಗಳ ಪರೀಕ್ಷೆ 2025ರ ಮಾರ್ಚ್‌ನಲ್ಲಿ ಆರಂಭವಾಯಿತು. ಆದರೆ ಹುಬ್ಬಳ್ಳಿ-ಧಾರವಾಡದ ನಡುವಿನ ಇಪ್ಪತ್ತೆರಡು ಕಿಲೋಮೀಟರಿನ ಪ್ರತ್ಯೇಕ ಪಥದಲ್ಲಿ ಹೋಗಿ ಬರುವ ಚಿಗರಿ ಬಸ್ಸಿಗೆ, ಡೀಸೆಲ್ ಬಿಡುವ ದಿನ ಬಂದರೆ, ಬ್ಯಾಟರಿಯೇ ಸಹಜ ಆಯ್ಕೆ. ನಿಲುಗಡೆಯ ಸಮಯದಲ್ಲಿ ಚಾರ್ಜ್ ಮಾಡಬಹುದಾದ ಇಷ್ಟು ಗಿಡ್ಡ ಮಾರ್ಗದಲ್ಲಿ ಹೈಡ್ರೋಜನ್ನಿನ ಅನುಕೂಲ ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಘಟಕಕ್ಕೆ ಇದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಬಸ್ಸಿನ ಮೈ, ಮೋಟಾರಿನ ಜೋಡಣೆ ಮತ್ತು ತಂತಿಗಳ ಬಹುಭಾಗ ಎರಡೂ ಬಗೆಗೆ ಸಾಮಾನ್ಯ.

ಕಂಪನಿಯ ವರದಿ ಓದುವಾಗ ಹೊಸ ಒಪ್ಪಂದಗಳ ಪಟ್ಟಿಯನ್ನು ಮೊದಲು ನೋಡಬೇಡಿ. ಒಪ್ಪಂದಪತ್ರಕ್ಕೆ ಸಹಿ ಹಾಕಲು ಖರ್ಚಿಲ್ಲ. ಮಾರಿದ ಸರಕಿನಿಂದ ಬಂದ ಹಣ ಅದನ್ನು ತಯಾರಿಸಿದ ಖರ್ಚಿಗಿಂತ ಹೆಚ್ಚಿದೆಯೇ ನೋಡಿ. 2023ರಲ್ಲಿ ಪ್ಲಗ್ ಪವರ್‌ನಲ್ಲಿ ಅದು ಕಡಿಮೆಯಿತ್ತು, ಅಂದರೆ ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟ. ಕೈಯಲ್ಲಿರುವ ನಗದು ಎಷ್ಟು ತಿಂಗಳ ಖರ್ಚಿಗೆ ಸಾಲುತ್ತದೆ ಎಂಬುದನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಐದು ವರ್ಷದ ಹಿಂದೆ ಎಷ್ಟು ಷೇರುಗಳಿದ್ದವು, ಈಗ ಎಷ್ಟಿವೆ ಎಂಬುದನ್ನು ಹಳೆಯ ವರದಿ ತೆರೆದು ಹೋಲಿಸಿ. ವಾಹನಕ್ಕೆ ಸಂಬಂಧಿಸಿದ ಕಂಪನಿಯಾದರೆ ಅದರ ಗಿರಾಕಿ ಒಂದು ಕೆ.ಜಿ. ಹೈಡ್ರೋಜನ್‌ಗೆ ಪಂಪಿನಲ್ಲಿ ಕೊಡುವ ದರವೆಷ್ಟು, ಅದರಲ್ಲಿ ಸರ್ಕಾರದ ಪಾಲೆಷ್ಟು ಎಂದು ಕೇಳಿ. ಹೂಡಿಕೆದಾರರಿಗಾಗಿ ನಡೆಯುವ ತ್ರೈಮಾಸಿಕ ಕರೆಗಳ ಧ್ವನಿಮುದ್ರಿಕೆಯನ್ನು ದೊಡ್ಡ ಕಂಪನಿಗಳು ಜಾಲತಾಣದಲ್ಲಿ ಹಾಕಿರುತ್ತವೆ. ಈ ಪ್ರಶ್ನೆ ಅಲ್ಲಿ ಬಂದಾಗ ಅಧಿಕಾರಿಗಳು ಅಂಕಿ ಹೇಳುತ್ತಾರೋ, 2030ರ ಗುರಿಯ ಕಡೆಗೆ ಮಾತು ತಿರುಗಿಸುತ್ತಾರೋ ಕೇಳಿಸಿಕೊಳ್ಳಿ.